ದುಡ್ಡು ತಗೊಳ್ಳುವವರ ಕಾರ್ಡು ಯಾಕೆ ಬೇಕು?

ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಒಂದು ಸುದ್ದಿ ಇತ್ತು. ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಫೋನಿನಲ್ಲಿ ಯಾರಿಗೋ ಡೆಬಿಟ್ ಕಾರ್ಡಿನ ವಿವರ ಹೇಳಿ ದುಡ್ಡು ಕಳಕೊಂಡರಂತೆ. ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಅದನ್ನು ಓದಿದವರದ್ದೆಲ್ಲ ಒಂದೇ ಮಾತು. "ಮೇಷ್ಟ್ರೇ ಹಿಂಗ್ ಮಾಡ್ಕೊಂಡ್ರೆ ಇನ್ನು ಹುಡುಗರಿಗೆ ಏನ್ ಕಲಿಸಿದ್ರೋ" ಅಂತ ಒಬ್ಬರು ಅಂದರು, ಉಳಿದವರು ನಕ್ಕರು. ನಾನು ಎರಡು ಪ್ಯಾಕೆಟ್ ಹಾಲು ತಗೊಂಡು ಸುಮ್ನೆ ಮನೆಗೆ ಬಂದೆ. ನಗೋಕೆ ನನಗೆ ಬಾಯಿ ಇರಲಿಲ್ಲ. ಹೋದ ವರ್ಷ ಶ್ರಾವಣದಲ್ಲಿ ನಾನೂ ಇದೇ ಕೆಲಸ ಮಾಡಿದ್ದೆ. ಇಲ್ಲಿಯವರೆಗೆ ಮನೆಯವರು, ಬ್ಯಾಂಕು, ಪೊಲೀಸರನ್ನು ಬಿಟ್ಟು ಯಾರಿಗೂ ಹೇಳಿಲ್ಲ. ಈಗ ಹೇಳುತ್ತೇನೆ, ಆದರೆ ಹೆಸರು ಹಾಕಬೇಡಿ.

ನಾನು ಮನೆಯಲ್ಲೇ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಅಂಗಡಿ ಅಂತ ಏನಿಲ್ಲ. ಫೋನ್ ಮಾಡಿ, ವಾಟ್ಸಾಪಿನಲ್ಲಿ ಬರೆದು ಆರ್ಡರ್ ಕೊಡುತ್ತಾರೆ, ದುಡ್ಡು ಖಾತೆಗೆ ಬರುತ್ತೆ, ಬೆಂಗಳೂರಿಗೆ ಹೋಗುವ ಬಸ್ಸಿಗೋ ಕೊರಿಯರ್‌ಗೋ ಡಬ್ಬ ಹಾಕುತ್ತೇವೆ. ಒಂದು ದಿನ ಬೆಳಿಗ್ಗೆ ಒಬ್ಬ ಫೋನ್ ಮಾಡಿದ. ಹಿಂದಿ, ನಡುವೆ ಅಷ್ಟಿಷ್ಟು ಕನ್ನಡ. ತಾನು ಮಿಲಿಟರಿಯವನು, ಚಳ್ಳಕೆರೆ ಹತ್ತಿರ ಕ್ಯಾಂಪ್ ಇದೆ, 25 ಕೆಜಿ ಚಟ್ನಿಪುಡಿ ಬೇಕು ಅಂದ. ಚಳ್ಳಕೆರೆ ಕಡೆ ಡಿಆರ್‌ಡಿಒ, ಅಂದರೆ ಮಿಲಿಟರಿಗಾಗಿ ಸಂಶೋಧನೆ ಮಾಡುವವರ ಜಾಗ ಇರುವುದು ಈ ಭಾಗದವರಿಗೆಲ್ಲ ಗೊತ್ತು, ಹಾಗಾಗಿ ನನಗೆ ಒಂಚೂರೂ ಅನುಮಾನ ಬರಲಿಲ್ಲ. ರೇಟು ಕೇಳಿದ, ಚೌಕಾಸಿ ಮಾಡಲಿಲ್ಲ. ಅಲ್ಲೇ ನಾನು ಎಚ್ಚರ ಆಗಬೇಕಿತ್ತು. ದಾವಣಗೆರೆಯಲ್ಲಿ ಚೌಕಾಸಿ ಮಾಡದೆ 25 ಕೆಜಿ ಯಾರಾದರೂ ತಗೊಳ್ಳುತ್ತಾರಾ?

ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್. "ಮೇಡಂ, ಮಿಲಿಟರಿ ದುಡ್ಡು ಸೀದಾ ಕಾರ್ಡಿಗೇ ಬರೋದು, ರೂಲ್ಸು. ನಿಮ್ಮ ಡೆಬಿಟ್ ಕಾರ್ಡಿನ ಹಿಂದೆ ಮುಂದೆ ಫೋಟೊ ಕಳಿಸಿ" ಅಂದ. ತನ್ನದು ಅಂತ ಒಂದು ಮಿಲಿಟರಿ ಗುರುತಿನ ಚೀಟಿಯ ಫೋಟೊ ಮೊದಲೇ ಕಳಿಸಿದ್ದ. ಸಮವಸ್ತ್ರದಲ್ಲಿರುವ ಹುಡುಗನ ಫೋಟೊ, ಪಾಪ ಅದು ಯಾರದ್ದೋ ಏನೋ. ನನಗೆ ಓಟಿಪಿ ಹೇಳಬಾರದು ಅಂತ ಗೊತ್ತಿತ್ತು. ಟೀವಿಯಲ್ಲಿ, ಬ್ಯಾಂಕಿನಲ್ಲಿ, ಫೋನ್ ರಿಂಗಾಗುವ ಮೊದಲು ಎಲ್ಲ ಕಡೆ ಅದನ್ನೇ ಹೇಳುತ್ತಾರಲ್ಲ. ಓಟಿಪಿ ಕೇಳಿದರೆ ಕೊಡಬಾರದು ಅಂತ ಗಟ್ಟಿ ಮಾಡಿಕೊಂಡೇ ಫೋಟೊ ಕಳಿಸಿದೆ. ಅವನು ಓಟಿಪಿ ಕೇಳಲೇ ಇಲ್ಲ! ನಾನು ಒಳಗೊಳಗೇ ಖುಷಿಯಾಗಿ ಶೇಂಗಾ ಹುರಿಯಲು ಕೂತೆ.

ಮಧ್ಯಾಹ್ನ ಮೂರಕ್ಕೆ ಕೈ ತೊಳೆದು ಫೋನ್ ನೋಡಿದರೆ ಎರಡು ಮೆಸೇಜು. ಒಂದು 11,200 ರೂಪಾಯಿ, ಇನ್ನೊಂದು 3,660. ಎರಡೂ ಬಂದದ್ದಲ್ಲ, ಹೋದದ್ದು.

ಓಟಿಪಿ ಇಲ್ಲದೆ ಹೇಗೆ ಹೋಯಿತು ಅಂತ ನನಗೆ ಎಷ್ಟೋ ದಿನ ಅರ್ಥವೇ ಆಗಿರಲಿಲ್ಲ. ಇದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಕೇಳಿದವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಗೊತ್ತಿಲ್ಲ. ನಮ್ಮ ದೇಶದ ಅಂಗಡಿಗಳ ವೆಬ್‌ಸೈಟಿನಲ್ಲಿ ಕಾರ್ಡು ಬಳಸಿದರೆ ಓಟಿಪಿ ಥರ ಇನ್ನೊಂದು ಬೀಗ ಇರಲೇಬೇಕು. ಅದು ಆರ್‌ಬಿಐ ನಿಯಮ, 2009ರಿಂದ ಇದೆ. ಆದರೆ ಹೊರದೇಶದ ಸೈಟುಗಳಿಗೆ ಆ ನಿಯಮದ ಕಟ್ಟು ಇಲ್ಲ. ಅಲ್ಲಿ ಎಷ್ಟೋ ಕಡೆ ಮುಂದಿನ 16 ಅಂಕಿ, ಅವಧಿ ಮುಗಿಯುವ ತಿಂಗಳು ವರ್ಷ, ಹಿಂದಿರುವ ಮೂರಂಕಿಯ ಸಿವಿವಿ ಇಷ್ಟಿದ್ದರೆ ಸಾಕು, ದುಡ್ಡು ಹೋಗುತ್ತೆ. ಆ ಮೂರನ್ನೂ ನಾನೇ ಒಳ್ಳೆ ಬೆಳಕಲ್ಲಿ ಫೋಟೊ ತೆಗೆದು ಕಳಿಸಿದ್ದೆ.

ಹಾಗಾದರೆ ಎಲ್ಲರ ಕಾರ್ಡೂ ಹೊರದೇಶಕ್ಕೆ ತೆರೆದಿರುತ್ತಾ? ಇಲ್ಲ. 2020ರ ಜನವರಿಯಲ್ಲಿ ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿದೆ. ಹೊಸ ಕಾರ್ಡು ಕೊಡುವಾಗ ಅದು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಮಷೀನಿನಲ್ಲಿ ಮಾತ್ರ ನಡೆಯಬೇಕು. ಆನ್‌ಲೈನ್, ಹೊರದೇಶ, ಮಷೀನಿಗೆ ಸುಮ್ನೆ ತಾಗಿಸಿ ಕೊಡುವುದು, ಇವೆಲ್ಲ ಬಂದ್ ಇರಬೇಕು. ಬೇಕಾದವರು ತಾವೇ ಆನ್ ಮಾಡಿಕೊಳ್ಳಬೇಕು, ಬೇಡವಾದಾಗ ಆಫ್ ಮಾಡಬೇಕು, ಒಂದೊಂದಕ್ಕೂ ಎಷ್ಟು ದುಡ್ಡಿನವರೆಗೆ ಅಂತ ಮಿತಿ ಇಡಬೇಕು. ಈ ಸೌಲಭ್ಯ ಹಗಲೂ ರಾತ್ರಿ ಸಿಗುವಂತೆ ಬ್ಯಾಂಕುಗಳು ಮಾಡಬೇಕು. ಒಟ್ಟಿನಲ್ಲಿ ಕಾರ್ಡಿಗೆ ಬಾಗಿಲುಗಳಿವೆ, ಚಿಲಕ ನಮ್ಮ ಕೈಯಲ್ಲಿದೆ. ನನ್ನ ಮಗ ಬೆಂಗಳೂರಿನಲ್ಲಿ ಓದುವಾಗ ಯಾವುದೋ ಹೊರದೇಶದ ಪರೀಕ್ಷೆಗೆ ಫೀಸು ಕಟ್ಟಲು ನನ್ನ ಕಾರ್ಡಿನ ಆ ಬಾಗಿಲು ತೆಗೆದಿದ್ದ. ಫೀಸು ಕಟ್ಟಿದ, ಪರೀಕ್ಷೆ ಬರೆದ, ಚಿಲಕ ಹಾಕುವುದನ್ನು ಮರೆತ. ನನಗೆ ಅಂಥದ್ದೊಂದು ಚಿಲಕ ಇದೆ ಅನ್ನೋದೇ ಗೊತ್ತಿರಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ನನ್ನ ಬ್ಯಾಂಕಿಗೆ ನಾನು ಇಪ್ಪತ್ತು ವರ್ಷದಿಂದ ಹೋಗುತ್ತಿದ್ದೇನೆ. ಕಾರ್ಡು ಕೊಟ್ಟ ದಿನ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು, ಪಿನ್ ಹೇಗೆ ಮಾಡಿಕೊಳ್ಳುವುದು ಅಂದರು, ಜೊತೆಗೆ ಒಂದು ಇನ್ಶೂರೆನ್ಸ್ ಮಾಡಿಸಿ ಅಂತ ಹತ್ತು ನಿಮಿಷ ಕೂರಿಸಿದರು. ಈ ಆನ್ ಆಫ್ ವಿಷಯ ಒಬ್ಬರೂ ಬಾಯಿ ಬಿಡಲಿಲ್ಲ. ಗೋಡೆ ತುಂಬ ಸಾಲದ ಬೋರ್ಡುಗಳಿವೆ, ಕಾರ್ಡಿನ ಚಿಲಕದ ಬಗ್ಗೆ ಕನ್ನಡದಲ್ಲಿ ಒಂದು ಸಾಲಿಲ್ಲ. ದುಡ್ಡು ಹೋದ ದಿನ ಸಂಜೆ ನಾಲ್ಕಕ್ಕೆ ಓಡಿ ಹೋದರೆ "ಸಂಬಂಧಪಟ್ಟವರು ಇಲ್ಲ, ನಾಳೆ ಅರ್ಜಿ ಬರಕೊಂಡು ಬನ್ನಿ" ಅಂದರು. ನಾಳೆ! ಅಷ್ಟೊತ್ತಿಗೆ ಕಾರ್ಡು ಇನ್ನೂ ಬ್ಲಾಕ್ ಆಗಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ಮಗನಿಗೆ ಫೋನ್ ಮಾಡಿದೆ.

"ಅಮ್ಮ, ಹಿಂದುಗಡೆದೂ ಕಳಿಸಿದ್ಯಾ?"

"ಎರಡೂ ಕಳಿಸಿದೀನಪ್ಪ."

ಅವನು ಬೈಯಲಿಲ್ಲ. ಕಾರ್ಡಿನ ಹಿಂದೆ ಒಂದು ನಂಬರ್ ಇರುತ್ತೆ, ಅದಕ್ಕೆ ಫೋನ್ ಮಾಡಿ ಮೊದಲು ಬ್ಲಾಕ್ ಮಾಡಿಸು, ಆಮೇಲೆ 1930ಕ್ಕೆ ಮಾಡು ಅಂದ. ಎರಡನ್ನೂ ಆ ಮೆಟ್ಟಿಲ ಮೇಲೆ ಕೂತೇ ಮಾಡಿದೆ. ಬ್ಲಾಕ್ ಆದ ಹತ್ತು ನಿಮಿಷಕ್ಕೆ ಇನ್ನೊಂದು ಮೆಸೇಜು ಬಂತು. ಮತ್ತೆ 9 ಸಾವಿರ ಎಳೆಯಲು ನೋಡಿದ್ದರು, ಆಗಲಿಲ್ಲ. ನಾಳೆ ಅರ್ಜಿ ಬರಕೊಂಡು ಹೋಗಿದ್ದರೆ ಅದೂ ಹೋಗಿರುತ್ತಿತ್ತು ಅಲ್ವಾ?

1930 ಅನ್ನುವುದು ಸೈಬರ್ ವಂಚನೆಗೆ ಇಡೀ ದೇಶಕ್ಕೆ ಇರುವ ಸಹಾಯವಾಣಿ. ಫೋನ್ ಮಾಡುವಾಗ ಬ್ಯಾಂಕಿನ ಮೆಸೇಜು ಕಣ್ಣ ಮುಂದೆ ಇಟ್ಟುಕೊಳ್ಳಿ. ಯಾವ ಖಾತೆ, ಎಷ್ಟು ದುಡ್ಡು, ಎಷ್ಟು ಹೊತ್ತಿಗೆ, ವ್ಯವಹಾರದ ನಂಬರ್ ಏನು ಅಂತ ಕೇಳುತ್ತಾರೆ. ದುಡ್ಡು ಯಾವ ಖಾತೆಗೆ ಹೋಯಿತೋ ಆ ಬ್ಯಾಂಕಿಗೆ ತಕ್ಷಣ ತಿಳಿಸಿ, ಅಲ್ಲಿಂದ ಮುಂದೆ ಹೋಗದ ಹಾಗೆ ತಡೆಯಲು ನೋಡುತ್ತಾರೆ. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷದಲ್ಲಿ ಹಾರಿಸುತ್ತಾರೆ, ಅದಕ್ಕೇ ಮೊದಲ ಒಂದೆರಡು ಗಂಟೆ ಅಷ್ಟು ಮುಖ್ಯ. ನಾನು ಮೂರು ತಾಸು ಶೇಂಗಾ ಹುರಿದು ಕಳೆದಿದ್ದೆ. ಫೋನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಅನ್ನುವ ಸೈಟಿನಲ್ಲೂ ದೂರು ಬರೆಯಬಹುದು. ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಿದ್ದೆ. ಅಲ್ಲಿ ಯಾರೂ ನಗಲಿಲ್ಲ, ಕೂರಿಸಿ ಬರೆಸಿಕೊಂಡರು. ಇದನ್ನು ಹೇಳಲೇಬೇಕು.

ದುಡ್ಡು ಬಂತಾ ಅಂತ ಕೇಳುತ್ತೀರಿ. 3,660 ಬಂತು, ಎರಡು ತಿಂಗಳ ಹತ್ತಿರ ಆಯಿತು. 11,200 ಬರಲಿಲ್ಲ. ಬ್ಯಾಂಕಿನವರು "ನೀವೇ ಕಾರ್ಡಿನ ಫೋಟೊ ಕಳಿಸಿದ್ದೀರಿ" ಅಂದರು. ಅದು ನಿಜ, ನಾನೇನು ಜಗಳ ಆಡಲಿ. ಆದರೆ ಇಂಥ ನಷ್ಟ ಯಾರು ಹೊರಬೇಕು ಅನ್ನುವ ನಿಯಮವನ್ನು ಪೂರ್ತಿ ತಿಳಕೊಂಡರೆ ಬೇರೆಯವರಿಗೆ ಅನುಕೂಲ ಆಗುತ್ತೆ. 2017ರ ಜುಲೈನ ಆರ್‌ಬಿಐ ಸುತ್ತೋಲೆ ಅದು. ತಪ್ಪು ಬ್ಯಾಂಕಿನದ್ದಾದರೆ ಗ್ರಾಹಕನಿಗೆ ಒಂದು ರೂಪಾಯಿಯೂ ನಷ್ಟ ಇಲ್ಲ. ತಪ್ಪು ಬ್ಯಾಂಕಿನದ್ದೂ ಅಲ್ಲ ನಮ್ಮದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಅಂತಿಟ್ಟುಕೊಳ್ಳಿ. ಬ್ಯಾಂಕಿನಿಂದ ಮೆಸೇಜ್ ಬಂದ ಮೇಲೆ 3 ಕೆಲಸದ ದಿನದೊಳಗೆ ತಿಳಿಸಿದರೆ ಆಗಲೂ ನಮಗೆ ನಷ್ಟ ಇಲ್ಲ. 4ರಿಂದ 7 ದಿನ ಆದರೆ ಮಾಮೂಲಿ ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ರೂಪಾಯಿ, ಕನಿಷ್ಠ ಬಾಕಿ ಬೇಡದ ಮೂಲ ಉಳಿತಾಯ ಖಾತೆಯವರು 5,000 ಹೊರಬೇಕು. ಅದಕ್ಕಿಂತ ತಡ ಆದರೆ ಆಯಾ ಬ್ಯಾಂಕು ಹೇಳಿದ ಹಾಗೆ. ನನ್ನ ಥರ ನಾವೇ ಕೈಯಾರೆ ಕೊಟ್ಟಿದ್ದರೆ, ತಿಳಿಸುವ ತನಕ ಹೋದದ್ದು ನಮ್ಮ ತಲೆ ಮೇಲೆ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆ ಮೇಲೆ. ಅದಕ್ಕೇ ತಿಳಿಸಿದ ಹೊತ್ತು ಮತ್ತು ದೂರಿನ ನಂಬರ್ ಬರೆದಿಟ್ಟುಕೊಳ್ಳಬೇಕು. ಬ್ಯಾಂಕು 30 ದಿನದೊಳಗೆ ಉತ್ತರ ಕೊಡದಿದ್ದರೆ, ಕೊಟ್ಟದ್ದು ಸರಿ ಅನ್ನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಅದಕ್ಕೆ ಫೀಸು ಇಲ್ಲ, ಲಾಯರೂ ಬೇಡ.

ಈಗ ನಾನು ಬರೆಯಲು ಕೂತ ಮೂಲ ಮಾತಿಗೆ ಬರುತ್ತೇನೆ. ನನ್ನ ಥರ ಮನೆಯಿಂದ ಏನಾದರೂ ಮಾರುವ ಹೆಂಗಸರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಬ್ಬರು ಹಪ್ಪಳ, ಒಬ್ಬರು ಬ್ಲೌಸ್ ಹೊಲಿಗೆ, ಒಬ್ಬರು ಸೀರೆ ಕುಚ್ಚು. ನಮಗೆಲ್ಲ ಕಾರ್ಡಿನಿಂದ ಕೊಳ್ಳುವುದಕ್ಕಿಂತ ದುಡ್ಡು ತಗೊಳ್ಳುವುದರಲ್ಲೇ ಗೊಂದಲ ಜಾಸ್ತಿ. ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿಗೆ ಹೋದ ಗಿರಾಕಿ "ನಿಮಗೆ ದುಡ್ಡು ಕೊಡಬೇಕು, ಎಲ್ಲಿ ನಿಮ್ಮ ಗಲ್ಲಾ ಪೆಟ್ಟಿಗೆ ಬೀಗದ ಕೈ ಕೊಡಿ" ಅಂದರೆ ಅಂಗಡಿಯವರು ಕೊಡುತ್ತಾರಾ? ಕಾರ್ಡಿನ ಫೋಟೊ ಕೇಳುವುದು ಅದೇ. ಕಾರ್ಡಿನಿಂದ ಕೊಡುವವರು ಅವರ ಕಾರ್ಡು ತೆಗೆಯಬೇಕು. ತಗೊಳ್ಳುವವರ ಕಾರ್ಡಿಗೆ ಅಲ್ಲಿ ಕೆಲಸವೇ ಇಲ್ಲ. ನಮ್ಮ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್, ಖಾತೆಯಲ್ಲಿರುವ ಹೆಸರು ಕೊಟ್ಟರೆ ದುಡ್ಡು ಬರುತ್ತೆ. ಇಲ್ಲವೇ ಯುಪಿಐ ಐಡಿ, ಕ್ಯೂಆರ್ ಕೊಡಿ. ಇಷ್ಟರಿಂದ ದುಡ್ಡು ಒಳಗೆ ಬರಬಹುದೇ ಹೊರತು ಹೊರಗೆ ಎಳೆಯಲು ಆಗಲ್ಲ. ನಿಜವಾಗಿಯೂ ಕಾರ್ಡಿನಿಂದಲೇ ಕೊಡುವ ಗಿರಾಕಿ ಇದ್ದರೆ ಪೇಮೆಂಟ್ ಲಿಂಕ್ ಮಾಡಿ ಕಳಿಸಬಹುದು, ಅದರಲ್ಲೂ ಅವರೇ ಅವರ ನಂಬರ್ ಹಾಕುತ್ತಾರೆ.

ಹಾಗೆಯೇ ದುಡ್ಡು ತಗೊಳ್ಳಲು ಯುಪಿಐ ಪಿನ್ ಒತ್ತಬೇಕಿಲ್ಲ. ಯಾವತ್ತೂ ಇಲ್ಲ. ಪಿನ್ ಕೇಳಿದರೆ ದುಡ್ಡು ಹೊರಗೆ ಹೊರಟಿದೆ ಅಂತಲೇ ಅರ್ಥ. ಕ್ಯೂಆರ್ ಸ್ಕ್ಯಾನ್ ಮಾಡುವುದೂ ಕೊಡಲಿಕ್ಕೆ, ತಗೊಳ್ಳಲಿಕ್ಕಲ್ಲ. "ದುಡ್ಡು ಕಳಿಸಿದ್ದೀನಿ, ಒಪ್ಪಿಗೆ ಒತ್ತಿ" ಅಂತ ರಿಕ್ವೆಸ್ಟ್ ಕಳಿಸಿ ಎಷ್ಟೋ ಜನಕ್ಕೆ ಮೋಸ ಮಾಡಿದರು. ಕೊನೆಗೆ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಹಾಗೆ ದುಡ್ಡು ಕೇಳುವ ವ್ಯವಸ್ಥೆಯನ್ನೇ 2025ರ ಅಕ್ಟೋಬರ್‌ನಿಂದ ಯುಪಿಐ ನಡೆಸುವ ಎನ್‌ಪಿಸಿಐ ತೆಗೆದಿದೆ. ಒಳ್ಳೇದಾಯಿತು, ಇನ್ನೂ ಮೊದಲೇ ತೆಗೆಯಬಹುದಿತ್ತು.

ಇನ್ನೊಂದು ನಮ್ಮ ಪಕ್ಕದ ಬೀದಿಯಲ್ಲೇ ಆದದ್ದು. 500 ರೂಪಾಯಿಯ ಹಪ್ಪಳಕ್ಕೆ ಒಬ್ಬ 5,000 ಕಳಿಸಿದ ಸ್ಕ್ರೀನ್‌ಶಾಟ್ ಹಾಕಿದ. ಬ್ಯಾಂಕಿನದ್ದೇ ಅನ್ನುವ ಹಾಗೆ ಒಂದು ಮೆಸೇಜೂ ಬಂತು. ಆಮೇಲೆ ಫೋನ್ ಮಾಡಿ "ಅಯ್ಯೋ ಅಕ್ಕಾ, ಒಂದು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ, ಆಸ್ಪತ್ರೆಗೆ ಬೇಕಿದ್ದ ದುಡ್ಡು, 4,500 ವಾಪಸ್ ಹಾಕಿ" ಅಂತ ಅಳುವ ದನಿ. ಪಾಪ ಅಂತ ಹಪ್ಪಳದವರು ಹಾಕಿಯೇ ಬಿಟ್ಟರು. ಖಾತೆ ನೋಡಿದರೆ ಬಂದದ್ದು ಸೊನ್ನೆ. ಆ ಮೆಸೇಜು ಹತ್ತಂಕಿಯ ಸಾಮಾನ್ಯ ಮೊಬೈಲ್ ನಂಬರಿನಿಂದ ಬಂದಿತ್ತು. ಬ್ಯಾಂಕಿನ ಮೆಸೇಜು ಹಾಗೆ ಬರಲ್ಲ, ಅಕ್ಷರಗಳ ಹೆಸರಿನಲ್ಲಿ ಬರುತ್ತೆ. ಸ್ಕ್ರೀನ್‌ಶಾಟ್ ಅಂತೂ ಬಿಡಿ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಖಾತೆಯಲ್ಲಿ ಬಾಕಿ ಎಷ್ಟಿದೆ ಅಂತ ನೋಡಿಯೇ ಡಬ್ಬ ಕಟ್ಟಬೇಕು.

ಕೊಳ್ಳುವ ವಿಷಯದಲ್ಲಿ ನಾನು ಜಾಸ್ತಿ ಹೇಳುವುದಿಲ್ಲ, ಮಗ ಕಲಿಸಿದ್ದು ಅಷ್ಟಿಷ್ಟು. ನಮ್ಮಜ್ಜಿ ಮಂಡಿಪೇಟೆಗೆ ಹೋಗುವಾಗ ಎಲೆಅಡಿಕೆ ಸಂಚಿಯಲ್ಲಿ ಚಿಲ್ಲರೆ, ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ದೊಡ್ಡ ನೋಟು ಇಡುತ್ತಿದ್ದಳು. ಸಂಚಿ ಕಳೆದರೆ ಬಸ್ ಚಾರ್ಜು ಹೋದಷ್ಟೇ ಲೆಕ್ಕ. ಈಗ ನಾನೂ ಹಾಗೇ ಮಾಡಿದ್ದೇನೆ. ಉಳಿತಾಯದ ಖಾತೆ ಬೇರೆ, ಅದರ ಕಾರ್ಡು ಬೀರುವಿನಲ್ಲಿ, ಆನ್‌ಲೈನ್ ಬಾಗಿಲು ಬಂದ್. ಇನ್ನೊಂದು ಸಣ್ಣ ಖಾತೆ, ಅದರಲ್ಲಿ ಎರಡು ಮೂರು ಸಾವಿರಕ್ಕಿಂತ ಜಾಸ್ತಿ ಇಡಲ್ಲ, ಕೊಳ್ಳುವುದೆಲ್ಲ ಅದರಿಂದ. ಕೊಳ್ಳುವ ದಿನ ಆನ್, ಕೊಂಡ ಮೇಲೆ ಆಫ್. ಹೊರದೇಶದ್ದು ಮಾತ್ರ ಯಾವತ್ತೂ ಆಫ್. ಮಷೀನಿಗೆ ತಾಗಿಸಿದರೆ ಪಿನ್ ಇಲ್ಲದೆ 5,000 ರೂಪಾಯಿ ತನಕ ಹೋಗುತ್ತೆ, ಹಾಗಾಗಿ ಅದನ್ನೂ ಆಫ್ ಮಾಡಿದ್ದೇನೆ. ಸಂತೆಯಲ್ಲಿ ಕಾರ್ಡು ಬಿದ್ದುಹೋದರೆ ಯಾರಿಗೆ ಗೊತ್ತು.

ದೊಡ್ಡ ಅಂಗಡಿಗಳ ಆಪಿನಲ್ಲಿ "ಕಾರ್ಡ್ ಉಳಿಸಿಡಲಾ" ಅಂತ ಕೇಳುತ್ತೆ. ಅದಕ್ಕೆ ನಾನು ಹೆದರುತ್ತಿದ್ದೆ. 2022ರ ಅಕ್ಟೋಬರ್‌ನಿಂದ ಅಂಗಡಿಯವರು ನಮ್ಮ ಕಾರ್ಡಿನ ನಂಬರ್ ಇಟ್ಟುಕೊಳ್ಳುವ ಹಾಗಿಲ್ಲವಂತೆ, ಅದರ ಬದಲು ಟೋಕನ್ ಅನ್ನುವ ಬೇರೆ ಅಂಕಿ ಇರುತ್ತೆ, ಅದು ಕದ್ದರೂ ಬೇರೆ ಕಡೆ ನಡೆಯಲ್ಲ. ಅದು ಸರಿ. ನನಗೆ ಹೆದರಿಕೆ ಇರುವುದು ಹೆಸರಿಲ್ಲದ ಅಂಗಡಿಗಳದ್ದು. ಹಬ್ಬ ಬಂತು ಅಂದರೆ ಫೇಸ್‌ಬುಕ್ ತುಂಬ "ಮೊಳಕಾಲ್ಮೂರು ರೇಷ್ಮೆ ಸೀರೆ 799ಕ್ಕೆ, ಇವತ್ತೇ ಕೊನೆ" ಅಂತ ಜಾಹೀರಾತು. ಮೊಳಕಾಲ್ಮೂರು ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಅಲ್ಲಿ ಮಗ್ಗದ ಮುಂದೆ ಕೂತು ಕೈಯಲ್ಲಿ ನೇಯುವ ರೇಷ್ಮೆ ಸೀರೆ 799ಕ್ಕೆ ಬರುತ್ತಾ? ದೂರದ ಊರಿನವರು ಮೋಸ ಹೋದರೆ ಹೋಗಲಿ, ನಾವೂ ಆರ್ಡರ್ ಮಾಡುತ್ತೇವಲ್ಲ, ಅದು ನನಗೆ ಅರ್ಥವಾಗಲ್ಲ. ಗೊತ್ತಿಲ್ಲದ ಕಡೆ ಕೊಳ್ಳಲೇಬೇಕಾದರೆ ಮನೆಗೆ ತಂದಾಗ ದುಡ್ಡು ಕೊಡುವುದು ಲೇಸು.

ಓಟಿಪಿ ಮೆಸೇಜ್ ಬಂದಾಗ ಆರಂಕಿ ಮಾತ್ರ ನೋಡಿ ಒತ್ತುತ್ತೇವೆ. ಅದರಲ್ಲಿ ಎಷ್ಟು ದುಡ್ಡು, ಯಾರಿಗೆ ಅಂತಲೂ ಬರೆದಿರುತ್ತೆ. ಅದನ್ನು ಮೊದಲು ಓದಬೇಕು. ಆದರೆ ಆ ಮೆಸೇಜು ಇಂಗ್ಲಿಷಿನಲ್ಲಿ ಬಂದರೆ ನಮ್ಮತ್ತೆಯಂಥವರು ಏನು ಓದಬೇಕು? ಕನ್ನಡದಲ್ಲಿ ಕಳಿಸಲು ಬ್ಯಾಂಕುಗಳಿಗೆ ಏನು ಕಷ್ಟ? ಸಾಲ ಬೇಕಾ ಅಂತ ಫೋನ್ ಮಾಡುವಾಗ ಮಾತ್ರ ಚೆನ್ನಾಗಿ ಕನ್ನಡ ಬರುತ್ತೆ.

ದುಡ್ಡು ಕಟ್ಟಾಗಿ ಆರ್ಡರ್ ಆಗದೇ ಹೋದರೆ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಕಳ್ಳರು ತಮ್ಮ ನಂಬರನ್ನೇ ಅಲ್ಲಿ ಹಾಕಿಟ್ಟಿರುತ್ತಾರೆ. ಅಂಥ ದುಡ್ಡು 5 ದಿನದೊಳಗೆ ತಾನಾಗಿಯೇ ಖಾತೆಗೆ ವಾಪಸ್ ಬರಬೇಕು, ತಡ ಆದರೆ ದಿನಕ್ಕೆ 100 ರೂಪಾಯಿ ಬ್ಯಾಂಕು ಕೊಡಬೇಕು ಅಂತ 2019ರಲ್ಲೇ ಆರ್‌ಬಿಐ ಹೇಳಿದೆ. ವಾಪಸ್ ಬರುವುದು ಕೊಟ್ಟ ಕಾರ್ಡಿಗೇ ಬರುತ್ತೆ, ಅದಕ್ಕೆ ಯಾರೂ ನಂಬರ್ ಕೇಳಬೇಕಿಲ್ಲ, ಯಾವ ಆಪೂ ಹಾಕಿಕೊಳ್ಳಬೇಕಿಲ್ಲ. ಬ್ಯಾಂಕಿನ ವೆಬ್‌ಸೈಟಿಗೇ ಹೋಗುವುದಾದರೆ ಕೊನೆಗೆ ಡಾಟ್ ಬ್ಯಾಂಕ್ ಡಾಟ್ ಇನ್ ಅಂತ ಇದೆಯಾ ನೋಡಿ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಆ ವಿಳಾಸಕ್ಕೆ ಬದಲಾಗಬೇಕು ಅಂತ ಆರ್‌ಬಿಐ ಹೇಳಿತ್ತು. ಇದು ಒಂದು ಒಳ್ಳೆ ಕೆಲಸ, ನೆನಪಿಡಲು ಸುಲಭ.

ನನ್ನ ಕೋರಿಕೆ ದೊಡ್ಡದೇನಲ್ಲ. ನಮ್ಮೂರಿನ ಬ್ಯಾಂಕುಗಳು ಕಾರ್ಡು ಕೊಡುವ ಟೇಬಲ್ಲಿನಲ್ಲೇ, ಗ್ರಾಹಕರ ಮುಂದೆಯೇ, ಆ ಆನ್ ಆಫ್ ಎಲ್ಲಿದೆ ಅಂತ ಒಂದು ಸಲ ತೋರಿಸಲಿ. ಫೋನ್ ಬಳಸಲು ಬಾರದವರಿಗೆ ಎಟಿಎಂನಲ್ಲಿ ಹೇಗೆ ಅಂತ ಹೇಳಲಿ. ಎರಡು ನಿಮಿಷದ ಕೆಲಸ. ಯಾರಾದರೂ "ದುಡ್ಡು ಹೋಯಿತು" ಅಂತ ಓಡಿ ಬಂದರೆ ಮೊದಲು ಕಾರ್ಡು ಬ್ಲಾಕ್ ಮಾಡಿ, ಅರ್ಜಿ ಆಮೇಲೆ ತಗೊಳ್ಳಲಿ. ಹಾಲಿನ ಬೂತಿನವರಿಗೂ ಒಂದು ಮಾತು. ನೀವು ನಗುತ್ತೀರಿ ಅಂತಲೇ ಎಷ್ಟೋ ಜನ ಎರಡು ದಿನ ಯಾರಿಗೂ ಹೇಳದೆ ಒಳಗೇ ಇಟ್ಟುಕೊಳ್ಳುತ್ತಾರೆ, ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತೆ.

ಸಂಪಾದಕರೇ, ನಿಮಗೂ ಒಂದು ಕೆಲಸ ಇದೆ. ದಿನಾ ಅಡಿಕೆ ಧಾರಣೆ ಹಾಕುತ್ತೀರಲ್ಲ, ಚನ್ನಗಿರಿ ಕಡೆಯವರು ಪತ್ರಿಕೆ ಬಿಡಿಸಿದ ಕೂಡಲೇ ನೋಡುವುದು ಅದನ್ನೇ. ಅದರ ಕೆಳಗೆ ಒಂದು ಸಾಲು, "ಖಾತೆಯಿಂದ ದುಡ್ಡು ಹೋದರೆ ಕೂಡಲೇ 1930" ಅಂತ ದಪ್ಪ ಅಕ್ಷರದಲ್ಲಿ ದಿನಾ ಹಾಕಿ. ಅಲ್ಲಿ ಜಾಗ ಇಲ್ಲ ಅಂದರೆ ರಾಹುಕಾಲದ ಪಕ್ಕ ಹಾಕಿ. ಅದನ್ನಂತೂ ನಮ್ಮತ್ತೆ ಒಂದು ದಿನವೂ ತಪ್ಪಿಸಲ್ಲ.

ಇಂತಿ,
ನಿಮ್ಮ ಓದುಗಳು
ನಿಟುವಳ್ಳಿ, ದಾವಣಗೆರೆ